ಖಿನ್ನತೆಗೆ ಜಿಂಕ್, ಸೆಲೆನಿಯಂ, ಕಬ್ಬಿಣಾಂಶ: ಮನೋವೈದ್ಯರ ಮಾತ್ರೆ ಬಿಟ್ಟು ಇದನ್ನೇ ತಗೊಂಡರೆ ಸಾಕಾ?

ಹೇಮಾವತಿದಂಡೆ
ನಮಸ್ಕಾರ. ನನ್ನ ತಮ್ಮನಿಗೆ ಖಿನ್ನತೆ ಅಂತ ಮನೋವೈದ್ಯರು ಮಾತ್ರೆ ಶುರು ಮಾಡಿದ್ದಾರೆ. ನಿದ್ದೆ ಒಂದು ಹದಕ್ಕೆ ಬಂದಿದೆ. ಊಟ ಮಾತ್ರ ಇನ್ನೂ ಅಷ್ಟಕ್ಕಷ್ಟೆ, ಎರಡು ತುತ್ತು ತಿಂದು ಎದ್ದುಬಿಡ್ತಾನೆ. ಈ ಮಧ್ಯೆ ನಮ್ಮ ನೆಂಟರ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ವಿಡಿಯೋ ಓಡಾಡ್ತಿದೆ. ಖಿನ್ನತೆ ಅಂದರೆ ಬರೀ ಖನಿಜಗಳ ಕೊರತೆ, ಜಿಂಕ್ ಮತ್ತು ಸೆಲೆನಿಯಂ ತಗೊಂಡರೆ ಬೇರೆ ಮಾತ್ರೆ ಬೇಕಾಗೋದೇ ಇಲ್ಲ ಅಂತ ಅದರಲ್ಲಿ ಹೇಳ್ತಾರೆ. ಚಿಕ್ಕಪ್ಪ ಅಕ್ಕರೆಯಿಂದಲೇ ಎರಡು ಡಬ್ಬಿ ತರಿಸಿಕೊಟ್ಟಿದ್ದಾರೆ: ಜಿಂಕ್ 50 ಮಿಲಿಗ್ರಾಂ, ಸೆಲೆನಿಯಂ 200 ಮೈಕ್ರೋಗ್ರಾಂ. ತಮ್ಮನೂ "ಇದನ್ನೇ ತಗೊಳ್ತೀನಿ ಅಕ್ಕ, ಆ ಮಾತ್ರೆ ಬೇಡ" ಅಂತಿದ್ದಾನೆ. ಅವನನ್ನ ಬೈದು ಬಾಯಿ ಮುಚ್ಚಿಸೋಕೆ ನನಗೆ ಇಷ್ಟ ಇಲ್ಲ. ಇದರಲ್ಲಿ ನಿಜ ಎಷ್ಟು ಅಂತ ಬಿಡಿಸಿ ಹೇಳುವವರಿದ್ದರೆ ದಯವಿಟ್ಟು ಹೇಳಿ.

ಬಿಳಿಕೋಟು
ಅಕ್ಕ, ಮೊದಲು ಅವಸರದ ಮಾತು. ತಮ್ಮ ಮಾತ್ರೆಯನ್ನ ತಾನೇ ನಿಲ್ಲಿಸದ ಹಾಗೆ ನೋಡಿಕೊಳ್ಳಿ. ಒಮ್ಮೆಲೇ ಬಿಟ್ಟರೆ ತಲೆಸುತ್ತು, ಚಡಪಡಿಕೆ, ನಿದ್ದೆಗೇಡು ಬರಬಹುದು, ಕಾಯಿಲೆಯೂ ಮರುಕಳಿಸಬಹುದು. ಬಿಡಬೇಕಿದ್ದರೆ ಬರೆದುಕೊಟ್ಟ ವೈದ್ಯರೇ ನಿಧಾನವಾಗಿ ಇಳಿಸಬೇಕು.

ಈಗ ಜಿಂಕ್, ಅಂದರೆ ಸತುವಿನ ವಿಚಾರ. ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಸಾಮಾನ್ಯ ವೈದ್ಯ, ಮನೋವೈದ್ಯನಲ್ಲ. ಆದರೆ ಈ ಪ್ರಶ್ನೆ ವಾರವಾರವೂ ಬರೋದರಿಂದ ಓದಿಕೊಂಡಿದ್ದೇನೆ. ಆ ವಿಡಿಯೋದಲ್ಲಿ ಪೂರ್ತಿ ಸುಳ್ಳಿಲ್ಲ, ಅದಕ್ಕೇ ಜನ ನಂಬ್ತಾರೆ. ನೆನಪು, ಭಾವನೆಗಳಿಗೆ ಸಂಬಂಧಪಟ್ಟ ಹಿಪೊಕ್ಯಾಂಪಸ್ ಅನ್ನುವ ಮೆದುಳಿನ ಭಾಗದಲ್ಲಿ ಸತು ಹೇರಳವಾಗಿದೆ. ನರಕೋಶಗಳು ಗ್ಲುಟಮೇಟ್ ಅನ್ನೋ ರಾಸಾಯನಿಕದ ಮೂಲಕ ಮಾತಾಡಿಕೊಳ್ಳುವಾಗ ಅದರ ಜತೆಗೇ ಸತುವೂ ಹೊರಬಂದು, ಎನ್‌ಎಂಡಿಎ ಅನ್ನೋ ಗ್ರಾಹಕದ (ನರಕೋಶದ ಮೇಲೆ ಸಂಕೇತ ಹಿಡಿಯುವ ಭಾಗ) ಚುರುಕನ್ನ ತಗ್ಗಿಸುತ್ತೆ. ಇತ್ತೀಚೆಗೆ ಹಠಮಾರಿ ಖಿನ್ನತೆಗೆ ಕೊಡುವ ಕೆಟಮಿನ್ ಕೆಲಸ ಮಾಡೋದೂ ಇದೇ ಗ್ರಾಹಕದ ಮೇಲೆ. ಹಾಗಾಗಿ ವಿಜ್ಞಾನಿಗಳಿಗೆ ಆಸಕ್ತಿ ಹುಟ್ಟಿದ್ದರಲ್ಲಿ ಅರ್ಥ ಇದೆ.

2013ರಲ್ಲಿ 17 ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿದರು. ಖಿನ್ನತೆಯಿದ್ದ 1,643 ಜನ, ಇಲ್ಲದ 804 ಜನ. ಖಿನ್ನತೆ ಇದ್ದವರ ರಕ್ತದಲ್ಲಿ ಸತು ಸರಾಸರಿ ಡೆಸಿಲೀಟರಿಗೆ ಸುಮಾರು 12 ಮೈಕ್ರೋಗ್ರಾಂ ಕಡಿಮೆ ಇತ್ತು. ವಿಡಿಯೋದವರು ಇಲ್ಲಿಗೇ ನಿಲ್ಲಿಸ್ತಾರೆ. ಆದರೆ ನಿಮ್ಮ ತಮ್ಮನನ್ನೇ ನೋಡಿ, ಊಟ ಸೇರ್ತಿಲ್ಲ. ಊಟ ಬಿಟ್ಟವರ ಮೈಯಲ್ಲಿ ಸತು ಇಳಿಯದೆ ಇನ್ನೇನಾಗುತ್ತೆ? ಮೈಯಲ್ಲಿ ಎಲ್ಲಾದರೂ ಉರಿಯೂತ ಇದ್ದರೂ ರಕ್ತದ ಸತು ಕೆಳಗಿಳಿಯುತ್ತೆ. ಕೊರತೆಯಿಂದ ಖಿನ್ನತೆಯೋ, ಖಿನ್ನತೆಯಿಂದ ಕೊರತೆಯೋ ಅಂತ ಆ ಲೆಕ್ಕದಿಂದ ಹೇಳೋಕಾಗಲ್ಲ. ಎರಡೂ ಒಂದನ್ನೊಂದು ಎಳೆಯುತ್ತಿರಬಹುದು.

ಇದನ್ನ ಬಿಡಿಸೋಕೆ ಜಿಂಕ್ ಕೊಟ್ಟೇ ನೋಡಬೇಕು. ಪೋಲೆಂಡಿನವರು ಕೊಟ್ಟು ನೋಡಿದ್ದಾರೆ. 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 60 ರೋಗಿಗಳಿಗೆ ಇಮಿಪ್ರಮಿನ್ ಅನ್ನೋ ಖಿನ್ನತೆಯ ಮಾತ್ರೆ ಕೊಟ್ಟು, ಅರ್ಧ ಜನಕ್ಕೆ ಜತೆಯಲ್ಲಿ ದಿನಕ್ಕೆ 25 ಮಿಲಿಗ್ರಾಂ ಸತು, ಉಳಿದವರಿಗೆ ಔಷಧಿ ಇಲ್ಲದ ಹುಸಿ ಮಾತ್ರೆ, 12 ವಾರ. ಮೊದಲು ಔಷಧಿಗೆ ಬಗ್ಗದೇ ಇದ್ದವರಲ್ಲಿ ಸತು ನೆರವಾಯಿತು. ಔಷಧಿಗೆ ಚೆನ್ನಾಗಿ ಸ್ಪಂದಿಸುತ್ತಿದ್ದವರಲ್ಲಿ ವ್ಯತ್ಯಾಸ ಕಾಣಲಿಲ್ಲ. ಎಲ್ಲರೂ ಖಿನ್ನತೆಯ ಮಾತ್ರೆ ತಗೊಳ್ತಿದ್ದವರೇ ಅನ್ನೋದನ್ನ ಗಮನಿಸಿ. ಜಿಂಕ್ ಮಾತ್ರೆಯ ಜತೆಗೆ ಬಂತು, ಮಾತ್ರೆಯ ಜಾಗಕ್ಕೆ ಬರಲಿಲ್ಲ.

ಇನ್ನು ಆ 50 ಮಿಲಿಗ್ರಾಂ ಡಬ್ಬಿ. ವಯಸ್ಕರಿಗೆ ದಿನಕ್ಕೆ 40 ಮಿಲಿಗ್ರಾಂ ಮೇಲಿನ ಮಿತಿ, ಅದೂ ಊಟದ್ದೆಲ್ಲ ಸೇರಿ. ಅದಕ್ಕಿಂತ ಹೆಚ್ಚು ಸತುವನ್ನ ತಿಂಗಳುಗಟ್ಟಲೆ ತಗೊಂಡರೆ ಕರುಳು ತಾಮ್ರವನ್ನ ಹೀರಿಕೊಳ್ಳೋದು ಕಡಿಮೆಯಾಗುತ್ತೆ. ತಾಮ್ರ ಕಡಿಮೆಯಾದರೆ ರಕ್ತಹೀನತೆ, ಬಿಳಿ ರಕ್ತಕಣ ಕುಸಿತ, ಕೊನೆಗೆ ಬೆನ್ನುಹುರಿಗೇ ಪೆಟ್ಟು ಬಿದ್ದು ನಡಿಗೆ ತಪ್ಪಬಹುದು. ಆ ಡಬ್ಬಿ ಸದ್ಯಕ್ಕೆ ಮುಚ್ಚಿಡಿ.

ಕೆಂಪುಮಣ್ಣು
ಡಾಕ್ಟ್ರೇ, ನಾನು ರೈತ. ಜಿಂಕ್ ಅಂದ ತಕ್ಷಣ ನನಗೆ ಗದ್ದೆ ಕಾಣುತ್ತೆ. 2009ರಿಂದ ಸರ್ಕಾರ ಐಕ್ರಿಸ್ಯಾಟ್ ಅನ್ನೋ ಕೃಷಿ ಸಂಶೋಧನಾ ಸಂಸ್ಥೆ ಜತೆ ಸೇರಿ ಭೂಚೇತನ ಅಂತ ಯೋಜನೆ ಮಾಡ್ತಲ್ಲ, ಆಗ ಮಣ್ಣು ಪರೀಕ್ಷೆ ಮಾಡಿಸಿದಾಗ ನಮ್ಮ ಸುತ್ತಮುತ್ತಲ ಬಹುಪಾಲು ಹೊಲಗಳಲ್ಲಿ ಜಿಂಕ್, ಬೋರಾನ್, ಗಂಧಕ ಮೂರೂ ಕಮ್ಮಿ ಅಂತ ಬಂತು. ಭತ್ತದ ಎಲೆ ಮೇಲೆ ತುಕ್ಕಿನ ಚುಕ್ಕಿ ಬಂದು ಪೈರು ಗಿಡ್ಡಾಗಿ ನಿಂತರೆ ಅದು ಜಿಂಕ್ ಕೊರತೆ ಅಂತ ನಮಗೆ ಗೊತ್ತು, ಜಿಂಕ್ ಸಲ್ಫೇಟ್ ಹಾಕ್ತೀವಿ. ಮಣ್ಣಲ್ಲೇ ಇಲ್ಲದ್ದು ಕಾಳಿಗೆ ಎಲ್ಲಿಂದ ಬರಬೇಕು? ಕಾಳಲ್ಲೇ ಇಲ್ಲದ್ದು ನಮ್ಮ ಮೈಗೆ ಎಲ್ಲಿಂದ ಬರಬೇಕು? ನಾಲ್ಕು ದಶಕ ಯೂರಿಯಾ, ಡಿಎಪಿ ಸುರಿದು ಇಳುವರಿಯ ಹಿಂದೆ ಓಡಿದ್ವಿ. ಈ ಚರ್ಚೆಯಲ್ಲಿ ಹೊಲದ ಮಾತೂ ಇರಲಿ ಅಂತ ಬರೆದೆ. ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯವರು ಡಿಆರ್‌ಆರ್ ಧಾನ್ 45 ಅಂತ ಜಿಂಕ್ ಹೆಚ್ಚಿರುವ ತಳಿಯನ್ನೇ ಬಿಟ್ಟಿದ್ದಾರೆ. ಬಿತ್ತನೆ ಬೀಜ ಕೇಳಿ ಪಡೆಯುವವರು ನಮ್ಮಲ್ಲಿ ಹೆಚ್ಚಬೇಕು.

ಮೊಳಕೆಕಾಳು
ಕೆಂಪುಮಣ್ಣು ಅಣ್ಣ, ಈ ಮಾತು ಬೇಕಿತ್ತು. ನಾನು ಆಹಾರ ತಜ್ಞೆ. ಕಾಳಲ್ಲಿ ಇದ್ದದ್ದೂ ಪೂರ್ತಿ ಮೈಗೆ ಸೇರಲ್ಲ ಅನ್ನೋದನ್ನ ನಾನು ಸೇರಿಸ್ತೀನಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಗಂಡಸರಿಗೆ ದಿನಕ್ಕೆ 17 ಮಿಲಿಗ್ರಾಂ ಸತು ಬೇಕು ಅಂತ ಶಿಫಾರಸು ಮಾಡಿದೆ, ಹೆಂಗಸರಿಗೆ 13ರ ಆಸುಪಾಸು. ಬೇರೆ ದೇಶಗಳ ಪಟ್ಟಿಗಿಂತ ಇದು ಜಾಸ್ತಿ. ನಮ್ಮ ಊಟ ಕಾಳು-ಧಾನ್ಯದ್ದು, ಅದರಲ್ಲಿರುವ ಫೈಟೇಟ್ ಅನ್ನೋ ಅಂಶ ಸತುವನ್ನೂ ಕಬ್ಬಿಣವನ್ನೂ ಕಟ್ಟಿಹಾಕಿ ಹೊರಗೆ ಸಾಗಿಸಿಬಿಡುತ್ತೆ.

ನೆನೆಸೋದು, ಮೊಳಕೆ ಕಟ್ಟೋದು, ಹುದುಗು ಬರಿಸೋದು, ಈ ಮೂರೂ ಫೈಟೇಟ್ ಇಳಿಸುತ್ತವೆ. ಇಡ್ಲಿ ದೋಸೆ ಹಿಟ್ಟು, ರಾಗಿ ಮೊಳಕೆ ಕಟ್ಟಿ ಹುರಿದು ಬೀಸಿದ ಹುರಿಹಿಟ್ಟು, ರಾತ್ರಿ ಹುಳಿಯಲು ಬಿಟ್ಟ ಅಂಬಲಿ, ಮೊಳಕೆ ಹುರುಳಿಕಾಳಿನ ಸಾರು. ನಮ್ಮ ಅಡುಗೆಮನೆಯ ಹಳೆಯ ಕ್ರಮಗಳು ಖನಿಜದ ದೃಷ್ಟಿಯಿಂದಲೂ ಸರಿಯಾಗೇ ಇವೆ. ಬೇಕರಿ ಬನ್ನು, ಮೈದಾ ಪರೋಟ, ಬಿಸ್ಕತ್ತಿನಲ್ಲೇ ದಿನ ದೂಡುವ ಹಾಸ್ಟೆಲ್ ಹುಡುಗರಿಗೆ ನಾನು ಮೊದಲು ಹೇಳೋದು ಇದನ್ನೇ. ಮಾಂಸ, ಮೊಟ್ಟೆ ತಿನ್ನುವವರಿಗೆ ಸತು ಸುಲಭವಾಗಿ ಸಿಗುತ್ತೆ. ತಿನ್ನದವರು ಎಳ್ಳು, ಕಡಲೆಕಾಯಿ, ಕುಂಬಳಬೀಜ, ಬೇಳೆಕಾಳುಗಳ ಕಡೆ ನೋಡಬೇಕು. ಎಳ್ಳಿನ ಚಟ್ನಿಪುಡಿ ಒಂದು ಡಬ್ಬಿ ಮನೆಯಲ್ಲಿದ್ದರೆ ಊಟ ಸೇರದವರಿಗೂ ಅನ್ನದ ಜತೆ ಹೋಗುತ್ತೆ.

ಕಾಫಿ ಬಗ್ಗೆ ಹೇಳಿದರೆ ಬೈಸಿಕೊಳ್ತೀನಿ, ಆದರೂ ಹೇಳಲೇಬೇಕು. 1983ರ ಒಂದು ಅಮೆರಿಕನ್ ಪ್ರಯೋಗದಲ್ಲಿ ಊಟದ ಜತೆ ಕಾಫಿ ಕುಡಿದವರಲ್ಲಿ ಕಬ್ಬಿಣ ಹೀರಿಕೆ ಶೇ. 39ರಷ್ಟು ಇಳಿಯಿತು, ಟೀ ಕುಡಿದವರಲ್ಲಿ ಶೇ. 64. ಊಟ ಆಗಿ ಒಂದು ಗಂಟೆಗೆ ಕಾಫಿ ಕುಡಿದರೂ ಅಷ್ಟೇ ಇಳಿಯಿತು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದಾಗ ಏನೂ ಆಗಲಿಲ್ಲ. ಅಂದರೆ ಫಿಲ್ಟರ್ ಕಾಫಿ ಬಿಡಬೇಕಿಲ್ಲ, ತಿಂಡಿಗೆ ಮುಂಚೆಯೇ ಕುಡಿದು ಮುಗಿಸಿ.

ಧಾರವಾಡದಾಕಿ
ಕಬ್ಬಿಣದ ಮಾತು ಬಂತಲ್ಲ, ಅದಕ್ಕ ಬರಿಯಾಕತ್ತೇನಿ. ನಾ ಆಶಾ ಕಾರ್ಯಕರ್ತಿ. ನಮ್ಮ ಕಡೆ ಬಾಣಂತಿ ಮಂಕಾಗಿ ಕುಂತರ, ಕೂಸಿನ ಕಡೆ ನೋಡದಿದ್ದರ, ಕಾರಣಿಲ್ಲದ ಅತ್ತರ, 'ದೃಷ್ಟಿ ಆಗೇತಿ', 'ಗಾಳಿ ಬಡದೈತಿ' ಅಂತಾರ. ಹೆರಿಗ್ಯಾಗ ರಕ್ತ ಎಷ್ಟು ಹೋತು, ಈಗ ಹಿಮೋಗ್ಲೋಬಿನ್ ಎಷ್ಟೈತಿ ಅಂತ ಯಾರೂ ಕೇಳಂಗಿಲ್ಲ. ಮ್ಯಾಲ ಪಥ್ಯ ಬ್ಯಾರೆ. ಸೊಪ್ಪು ಥಂಡಿ, ಹಣ್ಣು ಥಂಡಿ, ಕಾಳು ವಾಯು. ಏನು ಉಳೀತು? ಅನ್ನ, ತುಪ್ಪ, ಮೆಣಸಿನ ಸಾರು. ಮೊದಲ ರಕ್ತ ಕಡಿಮಿ ಇದ್ದಾಕಿ, ಕೂಸಿಗೆ ಹಾಲು ಕೊಡಾಕಿ, ರಾತ್ರಿ ನಿದ್ದಿ ಇಲ್ಲದಾಕಿ, ಇಷ್ಟರಾಗ ಹೆಂಗ ಚೇತರಿಸ್ಕೋಬೇಕ್ರಿ?

ಸರಕಾರದ ಕೆಂಪು ಗುಳಿಗಿ ಹೆರಿಗಿ ಆದ ಮ್ಯಾಲೂ 180 ದಿನ ತಗೋಬೇಕು. ಹೊಟ್ಟಿ ಕಟ್ಟತೈತಿ, ಸಂಡಾಸ ಕಪ್ಪಾಗತೈತಿ ಅಂತ ಅರ್ಧಕ್ಕ ಬಿಡತಾರ. ಕಪ್ಪಾಗೂದು ಸಹಜ, ಅಂಜಬ್ಯಾಡ್ರಿ ಅಂತ ಮನಿಮನಿಗೆ ಹೋಗಿ ಹೇಳತೀನಿ. ನಮ್ಮ ಹಿರೇರು ಮಾಡೋ ಅಳವಿ ಪಾಯಸ, ಅಂಟಿನ ಉಂಡಿ ಚಲೋನ ಅದಾವ, ಅಳವಿಯಾಗ ಕಬ್ಬಿಣ ಐತಿ. ಅದನ್ನ ಇಟ್ಕೋರಿ, ಸೊಪ್ಪು ಬಿಡಿಸೂದನ್ನ ಬಿಡ್ರಿ. ಇಲ್ಲಿ ಓದಾಕತ್ತ ಗಂಡಸರಿಗೆ ಕೈಮುಗುದು ಕೇಳತೀನಿ, ಹೆಂಡತಿ ಬಾಣಂತನದಾಗ ಮಂಕಾದರ ಬೈಬ್ಯಾಡ್ರಿ, ಕರಕೊಂಡು ದವಾಖಾನಿಗೆ ಬರ್ರಿ.

ಮೊಳಕೆಕಾಳು
ಅಕ್ಕಾ, ನಿಮ್ಮಂಥವರು ಮನೆ ಬಾಗಿಲಿಗೆ ಹೋಗಿ ಹೇಳೋದರ ಬೆಲೆ ದೊಡ್ಡದು. ನೀವು ಕಣ್ಣಾರೆ ಕಂಡದ್ದಕ್ಕೆ ಆಧಾರವೂ ಇದೆ. ಮನಸ್ಸಿನ ಲವಲವಿಕೆಗೆ ಬೇಕಾದ ಡೋಪಮಿನ್, ಸೆರೊಟೋನಿನ್ ಎರಡನ್ನೂ ತಯಾರಿಸುವ ಕಿಣ್ವಗಳು ಕಬ್ಬಿಣ ಇಲ್ಲದೆ ಕೆಲಸ ಮಾಡಲ್ಲ. 2005ರಲ್ಲಿ ದಕ್ಷಿಣ ಆಫ್ರಿಕಾದ ಒಂದು ಅಧ್ಯಯನ ಪ್ರಕಟವಾಯಿತು. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದ ಹೊಸ ತಾಯಂದಿರಿಗೆ ಕಬ್ಬಿಣಾಂಶ ಕೊಟ್ಟಾಗ ಅವರ ಖಿನ್ನತೆ ಮತ್ತು ಒತ್ತಡದ ಅಂಕಗಳು ಶೇ. 25ರಷ್ಟು ಸುಧಾರಿಸಿದವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ. 48 ಮಂದಿಗೆ ರಕ್ತಹೀನತೆ ಇತ್ತು. ನನ್ನ ಮಟ್ಟಿಗೆ, ನಮ್ಮ ರಾಜ್ಯದಲ್ಲಿ ಖನಿಜ ಮತ್ತು ಮನಸ್ಸು ಅಂದಾಗ ಮೊದಲು ಎತ್ತಬೇಕಾದ್ದು ಜಿಂಕ್ ಅಲ್ಲ, ಸೆಲೆನಿಯಂ ಅಲ್ಲ, ಕಬ್ಬಿಣವೇ.

ಆದರೆ ಇಲ್ಲೂ ಒಂದು ಎಚ್ಚರಿಕೆ. 2012ರಲ್ಲಿ ಫ್ರಾನ್ಸಿನಲ್ಲಿ ರಕ್ತಹೀನತೆ ಇಲ್ಲದ, ಆದರೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) 50ಕ್ಕಿಂತ ಕಡಿಮೆ ಇದ್ದು ಸದಾ ಸುಸ್ತು ಅನ್ನುತ್ತಿದ್ದ 198 ಹೆಂಗಸರ ಮೇಲೆ ಪ್ರಯೋಗ ಮಾಡಿದರು. ಕಬ್ಬಿಣ ತಗೊಂಡವರ ಸುಸ್ತು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು, ಹುಸಿ ಮಾತ್ರೆ ತಗೊಂಡವರಲ್ಲಿ ಅಷ್ಟು ಇಳಿಯಲಿಲ್ಲ. ಖಿನ್ನತೆ, ಆತಂಕದ ಅಂಕಗಳಲ್ಲಿ ಮಾತ್ರ ಹೇಳಿಕೊಳ್ಳುವ ವ್ಯತ್ಯಾಸ ಆಗಲಿಲ್ಲ. ಸುಸ್ತು ಬೇರೆ, ಖಿನ್ನತೆ ಬೇರೆ. ಎರಡೂ ಒಟ್ಟಿಗೆ ಇದ್ದಾಗ ಎರಡಕ್ಕೂ ಚಿಕಿತ್ಸೆ ಬೇಕು.

ಕಾವೇರಿತೀರ
ನಮ್ಮ ಮಂಡ್ಯ ಜಿಲ್ಲೆಯ ಮರಳಗಾಲದ ಹತ್ತಿರ ಲಿಥಿಯಂ ಸಿಕ್ಕಿದೆ ಅಂತ ಪೇಪರಲ್ಲಿ ಬಂದಿತ್ತು. ಲಿಥಿಯಂ ಮನೋರೋಗದ ಔಷಧಿ ತಾನೇ? ಹಾಗಾದರೆ ಆ ಕಡೆಯ ಬೋರ್‌ವೆಲ್ ನೀರು ಕುಡಿದರೆ ಒಳ್ಳೇದಾ?

ಬಿಳಿಕೋಟು
ಒಳ್ಳೆಯ ಪ್ರಶ್ನೆ. ಅಲ್ಲಿ ಅಂದಾಜು ಮಾಡಿದ 1,600 ಟನ್ ಇರೋದು ಬಂಡೆಯೊಳಗೆ. ಬಂಡೆಯಲ್ಲಿ ಇದ್ದ ಮಾತ್ರಕ್ಕೆ ನೀರಿನಲ್ಲಿ ಇದೆ ಅಂತಾಗಲ್ಲ. ಆದರೆ ನೀರಿನ ಲಿಥಿಯಂ ಮತ್ತು ಆತ್ಮಹತ್ಯೆಯ ಸಂಬಂಧವನ್ನ ಬೇರೆ ದೇಶಗಳಲ್ಲಿ ಹುಡುಕಿದ್ದಾರೆ. 1990ರಲ್ಲಿ ಟೆಕ್ಸಸ್‌ನ 27 ಕೌಂಟಿಗಳ ಲೆಕ್ಕ ಬಂತು, 2009ರಲ್ಲಿ ಜಪಾನಿನ ಓಯಿಟಾ ಪ್ರಾಂತ್ಯದ್ದು. ಎರಡರಲ್ಲೂ ನೀರಿನಲ್ಲಿ ಲಿಥಿಯಂ ಹೆಚ್ಚಿದ್ದ ಕಡೆ ಆತ್ಮಹತ್ಯೆ ಕಡಿಮೆ. 2017ರಲ್ಲಿ ಡೆನ್ಮಾರ್ಕಿನವರು ನೋಡಿದಾಗ ಅಂಥ ಸಂಬಂಧ ಕಾಣಲಿಲ್ಲ. ಊರೂರಿಗೆ ಹೋಲಿಸುವ ಇಂಥ ಲೆಕ್ಕದಲ್ಲಿ ಬಡತನ, ಒಂಟಿತನ, ಆಸ್ಪತ್ರೆಯ ದೂರ ಎಲ್ಲವೂ ಬೆರೆತಿರುತ್ತವೆ.

ಪ್ರಮಾಣದ ಅಂತರ ನೋಡಿ. ಓಯಿಟಾದಲ್ಲಿ ಅತಿ ಹೆಚ್ಚು ಅಂದರೆ ಲೀಟರಿಗೆ 59 ಮೈಕ್ರೋಗ್ರಾಂ. 300 ಮಿಲಿಗ್ರಾಂನ ಒಂದು ಲಿಥಿಯಂ ಕಾರ್ಬೊನೇಟ್ ಮಾತ್ರೆಯಲ್ಲಿ ಸುಮಾರು 56 ಮಿಲಿಗ್ರಾಂ ಲಿಥಿಯಂ, ಅಂದರೆ ಸಾವಿರ ಪಟ್ಟಿನ ಹತ್ತಿರ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಇದನ್ನ ಉನ್ಮಾದದ ರೋಗಿಗಳಿಗೆ ಕೊಟ್ಟು ಫಲ ಕಂಡರು, ಇವತ್ತಿಗೂ ಉನ್ಮಾದ, ಖಿನ್ನತೆ ಎರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆಗೆ ಇದು ಮುಖ್ಯ ಔಷಧಿ. ರಕ್ತದ ಮಟ್ಟ ಅಳೆಯುತ್ತಲೇ ಕೊಡಬೇಕು, ಸ್ವಲ್ಪ ಏರಿದರೂ ವಿಷ. ಲಿಥಿಯಂ ತಗೊಳ್ಳುವವರು ಮೈಕೈ ನೋವಿಗೆ ಐಬುಪ್ರೊಫೆನ್ ಅಂಥ ಮಾತ್ರೆಯನ್ನ ಕೇಳದೆ ನುಂಗಬಾರದು, ಅದು ಲಿಥಿಯಂ ಮಟ್ಟವನ್ನ ಏರಿಸುತ್ತೆ.

ಡಲ್ಲಸ್‌ಕನ್ನಡಿಗ
ಸೆಲೆನಿಯಂ ಬಗ್ಗೆ ಯಾರೂ ಹೇಳಲಿಲ್ಲ. ಇಲ್ಲಿ ಅಂಗಡಿಗಳಲ್ಲಿ ಬ್ರೆಜಿಲ್ ನಟ್ಸ್ ಸಿಗುತ್ತೆ, ದಿನಾ ಒಂದು ಹಿಡಿ ತಿಂದರೆ ಮನಸ್ಸಿಗೆ ಒಳ್ಳೆಯದು ಅಂತ ಅಂತರ್ಜಾಲದ ತುಂಬಾ ಇದೆ. ಊರಿಗೆ ಬರುವಾಗ ಅಮ್ಮನಿಗೂ ತರೋಣ ಅಂತಿದ್ದೆ.

ಮೊಳಕೆಕಾಳು
ಹಿಡಿಗಟ್ಟಲೆ ಬೇಡವೇ ಬೇಡ. ಆ ಒಂದೇ ಬೀಜದಲ್ಲಿ ದಿನಕ್ಕೆ ಬೇಕಾದ 40 ಮೈಕ್ರೋಗ್ರಾಂಗಿಂತ ಹೆಚ್ಚೇ ಇರಬಹುದು. ದಿನಕ್ಕೆ 400 ಮೈಕ್ರೋಗ್ರಾಂ ದಾಟಿದರೆ ಅಪಾಯ: ಕೂದಲು ಉದುರುತ್ತೆ, ಉಗುರು ಪುಡಿಯಾಗುತ್ತೆ, ಕೈಕಾಲಿನ ನರಗಳಿಗೆ ತೊಂದರೆ. 2008ರಲ್ಲಿ ಅಮೆರಿಕದಲ್ಲೇ ಒಂದು ದ್ರವ ಪೂರಕದಲ್ಲಿ ಲೇಬಲ್ಲಿನಲ್ಲಿ ಬರೆದಿದ್ದಕ್ಕಿಂತ 200 ಪಟ್ಟು ಸೆಲೆನಿಯಂ ಸೇರಿಹೋಗಿ 201 ಜನ ಕಾಯಿಲೆ ಬಿದ್ದರು. ನಮ್ಮ ದೇಶದಲ್ಲೇ ಪಂಜಾಬಿನ ನವಾಂಶಹರ್, ಹೋಶಿಯಾರ್‌ಪುರದ ಕೆಲವು ಹಳ್ಳಿಗಳ ಮಣ್ಣಿನಲ್ಲಿ ಸೆಲೆನಿಯಂ ವಿಪರೀತ, ಅಲ್ಲಿ ಬೆಳೆದ ಗೋಧಿಯಲ್ಲೂ ವಿಪರೀತ.

ಮನಸ್ಸಿನ ವಿಚಾರಕ್ಕೆ ಬಂದರೆ, 1991ರಲ್ಲಿ ಬ್ರಿಟನ್ನಿನ 50 ಜನರಿಗೆ 5 ವಾರ 100 ಮೈಕ್ರೋಗ್ರಾಂ ಕೊಟ್ಟಾಗ ಮನಸ್ಥಿತಿ ಹಗುರಾಯಿತು ಅಂತ ಬಂತು, ಊಟದಲ್ಲಿ ಸೆಲೆನಿಯಂ ಕಡಿಮೆ ಇದ್ದವರಲ್ಲಿ ಹೆಚ್ಚು. ಆಮೇಲೆ 2006ರಲ್ಲಿ ಅದೇ ದೇಶದ 501 ಹಿರಿಯರ ಮೇಲೆ ದೊಡ್ಡದಾಗಿ ಮಾಡಿದಾಗ ಏನೂ ಕಾಣಲಿಲ್ಲ. ಈ ಕ್ಷೇತ್ರದಲ್ಲಿ ಇದು ಮತ್ತೆಮತ್ತೆ ಆಗಿದೆ. ಅದಕ್ಕೇ ಒಂದು ಸಣ್ಣ ಪ್ರಯೋಗದ ಮೇಲೆ ವಿಡಿಯೋ ಮಾಡುವವರನ್ನ ಕಂಡರೆ ನನಗೆ ಸಿಟ್ಟು ಬರುತ್ತೆ.

ಬೇರುಬಿಳಲು
ಎಲ್ಲರದ್ದೂ ಓದಿದೆ. ಆದರೂ ನನಗೆ ಒಪ್ಪಿಗೆಯಾಗ್ತಿಲ್ಲ. ಹೋದ ಕಡೆಯೆಲ್ಲ ಐದು ನಿಮಿಷದಲ್ಲಿ ಚೀಟಿ ಬರೆದು ಕಳಿಸ್ತಾರೆ, ಏನು ತಿಂತೀರಿ ಅಂತ ಒಬ್ಬರೂ ಕೇಳಲ್ಲ. ನನ್ನ ಅಕ್ಕನಿಗೆ ವರ್ಷಗಟ್ಟಲೆ ಮಾತ್ರೆ ನಡೀತು, ಅವಳ ರಕ್ತ ಪರೀಕ್ಷೆ ಮಾಡಿದವರಿಲ್ಲ. ಆಹಾರವೇ ಔಷಧ ಅಂತ ಜನ ಹೇಳೋದು ಈ ನೋವಿನಿಂದ. ಅದನ್ನ ಮೂಢನಂಬಿಕೆ ಅಂತ ತಳ್ಳಿಹಾಕಬೇಡಿ.

ಬಿಳಿಕೋಟು
ತಳ್ಳಿಹಾಕ್ತಿಲ್ಲ. ಊಟದ ಬಗ್ಗೆ ಕೇಳಬೇಕು, ರಕ್ತ ನೋಡಬೇಕು. ನಿಮ್ಮ ದೂರು ನ್ಯಾಯವಾದದ್ದು, ನಮ್ಮ ಹೊರರೋಗಿ ವಿಭಾಗಗಳ ನೂಕುನುಗ್ಗಲು ಅದಕ್ಕೆ ಸಮಜಾಯಿಷಿ ಆಗಲ್ಲ.

ನಿಮ್ಮ ವಾದಕ್ಕೆ ಬಲ ಕೊಡುವ ಪ್ರಯೋಗವೂ ಇದೆ. 2017ರಲ್ಲಿ ಆಸ್ಟ್ರೇಲಿಯಾದಲ್ಲಿ ಫೆಲೀಸ್ ಜಾಕಾ ಅವರ ತಂಡ ಖಿನ್ನತೆಯ 67 ಜನರನ್ನ ಎರಡು ಗುಂಪು ಮಾಡಿತು. ಒಂದಕ್ಕೆ ತರಕಾರಿ, ಬೇಳೆಕಾಳು, ಮೀನು, ಬೀಜಗಳ ಊಟಕ್ಕೆ ಆಹಾರ ತಜ್ಞರ ಮಾರ್ಗದರ್ಶನ, ಇನ್ನೊಂದಕ್ಕೆ ಸ್ನೇಹದ ಮಾತುಕತೆ. 12 ವಾರದಲ್ಲಿ ಮೊದಲ ಗುಂಪಿನ ಶೇ. 32 ಮಂದಿ ಖಿನ್ನತೆಯಿಂದ ಹೊರಬಂದರು, ಎರಡನೆಯದರಲ್ಲಿ ಶೇ. 8. ಸಣ್ಣ ಪ್ರಯೋಗ, ತಾವು ಯಾವ ಗುಂಪು ಅಂತ ಎಲ್ಲರಿಗೂ ಗೊತ್ತಿತ್ತು, ಬಹಳಷ್ಟು ಜನ ಬೇರೆ ಚಿಕಿತ್ಸೆಯಲ್ಲೂ ಇದ್ದರು. ಆದರೂ ಕಡೆಗಣಿಸುವಂಥದ್ದಲ್ಲ.

ಅದೇ ಊಟದ ಸಾರವನ್ನ ಮಾತ್ರೆ ಮಾಡಿ ಕೊಟ್ಟಾಗ ಏನಾಯಿತು? 2019ರಲ್ಲಿ ಯೂರೋಪಿನ ನಾಲ್ಕು ದೇಶಗಳ 1,025 ಜನರ ಫಲಿತಾಂಶ ಬಂತು. ತೂಕ ಹೆಚ್ಚಿದ್ದ, ಖಿನ್ನತೆಯ ಅಂಚಿನಲ್ಲಿದ್ದ ಜನ. ಅರ್ಧದಷ್ಟು ಮಂದಿಗೆ ಒಂದು ವರ್ಷ ಸೆಲೆನಿಯಂ, ಫೋಲಿಕ್ ಆಮ್ಲ, ವಿಟಮಿನ್ ಡಿ, ಒಮೆಗಾ-3 ಕೊಟ್ಟರು. ಖಿನ್ನತೆ ತಡೆಯಲಿಲ್ಲ. ಕೊರತೆ ಇದೆಯೋ ಇಲ್ಲವೋ ನೋಡದೆ ಎಲ್ಲರಿಗೂ ಡಬ್ಬಿ ಹಂಚಿದರೆ ಫಲ ಸಿಗಲ್ಲ ಅಂತಲೇ ನಾನು ಇದನ್ನ ಓದಿಕೊಳ್ತೀನಿ. ಕೊರತೆ ಹುಡುಕಿ, ಇದ್ದರೆ ತುಂಬಿಸಿ. ಅಕ್ಕನಿಗೆ ಇವತ್ತಾದರೂ ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಥೈರಾಯ್ಡ್ ಪರೀಕ್ಷೆಯಾದ ಟಿಎಸ್‌ಎಚ್ ನೋಡಿಸಿ. ಬಿ12 ಖನಿಜ ಅಲ್ಲ, ಆದರೆ ಸಸ್ಯಾಹಾರಿಗಳಲ್ಲಿ ಅದನ್ನ ಬಿಟ್ಟು ಈ ಹುಡುಕಾಟ ಪೂರ್ತಿಯಾಗಲ್ಲ.

ಮಲೆನಾಡಮಗಳು
ಟಿಎಸ್‌ಎಚ್ ಅಂದಿರಲ್ಲ, ಅಯೋಡಿನ್ ಬಗ್ಗೆ ನಾಲ್ಕು ಮಾತು. ನಮ್ಮ ಚಿಕ್ಕಮಗಳೂರು, ಕೊಡಗಿನ ಕಡೆ ಹಿಂದೆ ಗಳಗಂಡ ಸಾಮಾನ್ಯವಾಗಿತ್ತು. ಅಯೋಡಿನ್ ಇಲ್ಲದಿದ್ದರೆ ಥೈರಾಯ್ಡ್ ಹಾರ್ಮೋನು ತಯಾರಾಗಲ್ಲ, ಅದು ಕಡಿಮೆಯಾದರೆ ಮಂಕು, ನಿಧಾನ, ಬೇಸರ, ಮೈಭಾರ ಎಲ್ಲ ಬಂದು ಖಿನ್ನತೆಯ ಹಾಗೇ ಕಾಣುತ್ತೆ. ಅಯೋಡಿನ್ ಉಪ್ಪು ಬಂದು ಅದು ತಗ್ಗಿತು. ಈಗ ನೋಡಿದರೆ ಮನೆಮನೆಯಲ್ಲೂ ಪಿಂಕ್ ಸಾಲ್ಟ್, ಸೈಂಧವ ಲವಣ. ಅದಕ್ಕೆ ಅಯೋಡಿನ್ ಸೇರಿಸಿರದಿದ್ದರೆ ಅದರಲ್ಲಿ ಇರೋದು ಲೆಕ್ಕಕ್ಕಿಲ್ಲ. ದಿನದ ಅಡುಗೆಗೆ ಅಯೋಡಿನ್ ಇರುವ ಉಪ್ಪನ್ನೇ ಬಳಸಿ, ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿಡಿ. ಬಸುರಿಯರಿರುವ ಮನೆಯಲ್ಲಂತೂ ಮಗುವಿನ ಮೆದುಳಿಗಾಗಿ ಇದು ಬೇಕೇ ಬೇಕು.

ಬಿಳಿಕೋಟು
ಸರಿಯಾಗಿ ಹೇಳಿದಿರಿ. ಒಂದೇ ಸೇರ್ಪಡೆ: ಅಯೋಡಿನ್ ಉಪ್ಪು ತಿನ್ನುವವರಲ್ಲಿ ಥೈರಾಯ್ಡ್ ಕಡಿಮೆಯಾಗೋದಕ್ಕೆ ಈಗ ಹೆಚ್ಚಾಗಿ ಕಾರಣ ಮೈಯ ರೋಗನಿರೋಧಕ ವ್ಯವಸ್ಥೆಯೇ ಆ ಗ್ರಂಥಿಯ ಮೇಲೆ ಎರಗೋದು. ಅಂಥವರು ಅಯೋಡಿನ್ ಮಾತ್ರೆ ತಿಂದರೆ ಇನ್ನೂ ಕೆಡಬಹುದು. ಥೈರಾಯ್ಡ್ ಮಾತ್ರೆಯೇ ಬೇಕು.

ಹೇಮಾವತಿದಂಡೆ
ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ತಮ್ಮನನ್ನ ಕೂರಿಸಿಕೊಂಡು ಇದನ್ನೆಲ್ಲ ಓದಿ ಹೇಳಿದೆ. ಪೋಲೆಂಡಿನವರ ಪ್ರಯೋಗದ ಮಾತು ಅವನಿಗೆ ಹಿಡಿಸಿತು, ಮಾತ್ರೆ ಬಿಡಲ್ಲ ಅಂದಿದ್ದಾನೆ. ಚಿಕ್ಕಪ್ಪನಿಗೂ ಫೋನ್ ಮಾಡಿದೆ. ಅವರು ಬೇಜಾರಾಗಲಿಲ್ಲ, "ಹಂಗಾದ್ರೆ ರಕ್ತ ಪರೀಕ್ಷೆ ಖರ್ಚು ನಂದೇ ಇರ್ಲಿ" ಅಂದರು. ಮನೋವೈದ್ಯರೂ ಒಪ್ಪಿ ಬರೆದುಕೊಟ್ಟರು. ಹಿಮೋಗ್ಲೋಬಿನ್ ಸರಿ ಇದೆ, ಫೆರಿಟಿನ್ 11, ಬಿ12 ಕಡಿಮೆ, ಟಿಎಸ್‌ಎಚ್ ಸರಿ. ಕಬ್ಬಿಣದ ಮಾತ್ರೆ ಬರೆದಿದ್ದಾರೆ. ಅಮ್ಮ ಥೈರಾಯ್ಡ್ ಮಾತ್ರೆ ತಗೊಳ್ತಾರೆ, ಅವರಿಗೂ ಕಬ್ಬಿಣದ ಮಾತ್ರೆ ಇದೆ. ಇಬ್ಬರಿಗೂ ಬೆಳಗ್ಗೆಯೇ ಎಲ್ಲ ಒಟ್ಟಿಗೆ ಕೊಟ್ಟುಬಿಡಬಹುದಾ?

ಬಿಳಿಕೋಟು
ಅಮ್ಮನಿಗೆ ಒಟ್ಟಿಗೆ ಬೇಡ. ಥೈರಾಯ್ಡ್ ಮಾತ್ರೆ ಬೆಳಗ್ಗೆ ಖಾಲಿ ಹೊಟ್ಟೆಗೆ, ಕಬ್ಬಿಣದ್ದಕ್ಕೂ ಅದಕ್ಕೂ ಕಡಿಮೆ ಅಂದರೆ 4 ಗಂಟೆ ಅಂತರ ಇರಲಿ, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಮೈಗೆ ಸೇರಲ್ಲ. ತಮ್ಮನಿಗೆ ಕಬ್ಬಿಣದ ಮಾತ್ರೆಯನ್ನ ನಿಂಬೆಹಣ್ಣಿನ ಪಾನಕದ ಜತೆ ಕೊಡಿ, ಕಾಫಿ ಹಾಲು ದೂರ ಇರಲಿ. ಹೊಟ್ಟೆ ಕೆಟ್ಟರೆ ದಿನ ಬಿಟ್ಟು ದಿನ ಕೊಡಬಹುದಾ ಅಂತ ವೈದ್ಯರನ್ನ ಕೇಳಿ, ಹಾಗೆ ಕೊಟ್ಟಾಗ ಒಂದೊಂದು ಮಾತ್ರೆಯಿಂದ ಹೀರಿಕೆ ಹೆಚ್ಚು ಅಂತ 2017ರ ಒಂದು ಅಧ್ಯಯನ ತೋರಿಸಿದೆ. ಸೋಂಕಿಗೆ ಸಿಪ್ರೊಫ್ಲಾಕ್ಸಾಸಿನ್ ಅಥವಾ ಡಾಕ್ಸಿಸೈಕ್ಲಿನ್ ಬರೆದರೆ, ಕಬ್ಬಿಣ, ಜಿಂಕ್ ತಗೊಳ್ತಿರೋದನ್ನ ಮೊದಲೇ ಹೇಳಿ. ಗಂಡಸರಲ್ಲಿ ಫೆರಿಟಿನ್ 11 ಅಂದರೆ ಬರೀ ಊಟದ ಕೊರತೆ ಅಂತ ಬಿಟ್ಟುಬಿಡಬಾರದು. ಹೊಟ್ಟೆ ಕರುಳಿನಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯಾ ಅಂತ ಒಮ್ಮೆ ನೋಡಿಸಲೇಬೇಕು, ಮೂಲವ್ಯಾಧಿ, ಹುಣ್ಣು ಇದ್ದರೂ ಹೀಗಾಗುತ್ತೆ.

ತಮ್ಮನಿಗೆ ಯಾವತ್ತಾದರೂ ಬದುಕೇ ಬೇಡ ಅನ್ನೋ ಮಾತು ಬಾಯಿಗೆ ಬಂದರೆ ಒಂಟಿಯಾಗಿ ಬಿಡಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇಡೀ ದಿನ ಕೆಲಸ ಮಾಡುತ್ತೆ, ಕನ್ನಡದಲ್ಲೇ ಮಾತಾಡ್ತಾರೆ, ಹಣ ಕೊಡಬೇಕಿಲ್ಲ. ಈ ಸಂಖ್ಯೆ ಅವನ ಫೋನಿನಲ್ಲೂ ನಿಮ್ಮದರಲ್ಲೂ ಇರಲಿ.